ಮಾಹಿತಿ ಯಾಕೆ ನಿಧಾನ? ಐದನೇ ಕ್ಲಾಸಿನ ಲೆಕ್ಕ ಸಾಕು!



ಶಾಲಾ ಮೇಳಗಳ ದಿನ ಹತ್ತಿರ ಬಂತೆಂದರೆ ನಮ್ಮ ಕಂಪ್ಯೂಟರ್ ಕೋಣೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಸುತ್ತದೆ. "ಸಾರ್, ನಾವು ಮಾಡಿದ್ದು ಸರಿಯೇ ಉಂಟು. ಕಂಪ್ಯೂಟರೇ ಸ್ಲೋ!" ಮಕ್ಕಳು ತಾವೇ ತಂತಿ ಜೋಡಿಸಿ ಒಂದು ಉಪಕರಣ ಮಾಡಿರುತ್ತಾರೆ. ಅದು ಉಷ್ಣತೆಯನ್ನೋ ಬೆಳಕನ್ನೋ ಅಳೆಯುತ್ತದೆ. ಆದರೆ ಅಳೆದದ್ದು ಕಂಪ್ಯೂಟರಿಗೆ ಬರುವಾಗ ಮಾತ್ರ ಆಮೆ ನಡಿಗೆ. ಕಾದು ಕಾದು ಮಕ್ಕಳಿಗೂ ಬೇಸರ, ಅಧ್ಯಾಪಕರಿಗೂ ಬೇಸರ. ಕೊನೆಗೆ ಕಿಟ್ ಪುನಃ ಕಪಾಟು ಸೇರುತ್ತದೆ. ಮುಂದಿನ ಪಿ.ಟಿ.ಎ. ಸಭೆಯಲ್ಲಿ "ಹೊಸ ಕಂಪ್ಯೂಟರ್ ಬೇಕು" ಎಂಬ ಬೇಡಿಕೆ ಏಳುತ್ತದೆ.

ಈ ಬೇಡಿಕೆಯ ಬಗ್ಗೆಯೇ ನನ್ನ ತಕರಾರು. ಹೊಸ ಕಂಪ್ಯೂಟರ್ ಬೇಡವೆಂದಲ್ಲ, ಬಂದರೆ ಸಂತೋಷವೇ. ಆದರೆ ಮಕ್ಕಳು ಕಟ್ಟಿದ ಉಪಕರಣದಿಂದ ಮಾಹಿತಿ ನಿಧಾನವಾಗಿ ಬರುವುದಕ್ಕೂ ಕಂಪ್ಯೂಟರ್ ಹಳತಾಗಿರುವುದಕ್ಕೂ ಹೆಚ್ಚಿನ ಸಲ ಸಂಬಂಧವೇ ಇರುವುದಿಲ್ಲ. ಎಲ್ಲಿ ನಿಧಾನವಾಗುತ್ತಿದೆ ಎಂದು ಕಂಡುಹಿಡಿಯಲು ಗುಣಾಕಾರ, ಭಾಗಾಕಾರ ಮತ್ತು ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಸಾಕು. ಟಿ.ಸಿ.ಎಚ್. ಮುಗಿಸಿ, ಬಿ.ಎ. ಓದಿದ ನನ್ನಂಥವರಿಗೂ ಅರ್ಥವಾಗುವ ಲೆಕ್ಕ ಇದು. ಹಾಗಿರುವಾಗ ಮಕ್ಕಳಿಗೆ ಯಾಕೆ ಆಗದು?

ವಿಷಯಕ್ಕೆ ಮುಂಚೆ ಎರಡು ಮಾತು. ನಮ್ಮ ರಾಜ್ಯದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಘಟಕಗಳಿವೆ. 2022ರ ಕೊನೆಯಲ್ಲಿ ಶಾಲೆಗಳಿಗೆ ರೋಬೋಟಿಕ್ ಕಿಟ್ ಹಂಚಲು ಶುರು ಮಾಡಿದರು. ಅದರಲ್ಲಿ ಆರ್ಡುಯಿನೋ ಊನೋ ಬೋರ್ಡ್, ಬ್ರೆಡ್‌ಬೋರ್ಡ್, ಬೆಳಕನ್ನು ಗುರುತಿಸುವ ಎಲ್‌ಡಿಆರ್, ಪುಟ್ಟ ಸರ್ವೋ ಮೋಟಾರ್, ತಂತಿಗಳು ಎಲ್ಲ ಇವೆ. 2025ರ ಜೂನ್‌ನಿಂದ ಹತ್ತನೇ ತರಗತಿಯ ಐ.ಸಿ.ಟಿ. ಪಾಠಪುಸ್ತಕದಲ್ಲೇ ರೋಬೋಟಿಕ್ಸ್ ಸೇರಿದೆ. ಆ ಪುಸ್ತಕ ಕನ್ನಡದಲ್ಲೂ ಬಂದಿದೆ. ಅಂದರೆ "ಇದು ಆಸಕ್ತಿ ಇರುವ ನಾಲ್ಕು ಮಕ್ಕಳ ವಿಷಯ" ಎಂದು ಇನ್ನು ಬಿಟ್ಟುಬಿಡುವ ಹಾಗಿಲ್ಲ.

ಈಗ ಲೆಕ್ಕ ನೋಡೋಣ. ನಮ್ಮ ಊರಿನದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿ ಕಟ್ಟುವ ಸೋಲಾರ್ ಗೂಡಿನೊಳಗೆ ಮಕ್ಕಳು ಒಂದು ಉಪಕರಣ ಇಡುತ್ತಾರೆ ಎಂದುಕೊಳ್ಳಿ. ಆರ್ಡುಯಿನೋ ಬೋರ್ಡು, ಉಷ್ಣತೆಯ ಸೆನ್ಸರ್, ಎಲ್‌ಡಿಆರ್, ಸಮಯ ಹೇಳುವ ಒಂದು ಗಡಿಯಾರದ ಚಿಪ್, ಬರೆದಿಡಲು ಒಂದು ಮೆಮೊರಿ ಕಾರ್ಡ್. ನಿಮಿಷಕ್ಕೊಮ್ಮೆ ಅದು ಹೀಗೆ ಒಂದು ಸಾಲು ಬರೆಯುತ್ತದೆ:

2025-12-01 06:00:00,27.4,512

ದಿನಾಂಕ, ಸಮಯ, ಉಷ್ಣತೆ, ಬೆಳಕು. ಅಂಕೆ, ಚುಕ್ಕಿ, ಗೆರೆ, ಖಾಲಿ ಜಾಗ ಎಲ್ಲ ಎಣಿಸಿದರೆ 28. ಸಾಲು ಮುಗಿಯಿತೆಂದು ಹೇಳಲು ಕಣ್ಣಿಗೆ ಕಾಣದ ಎರಡು ಗುರುತು. ಒಟ್ಟು 30 ಬೈಟ್. ದಿನಕ್ಕೆ 1,440 ನಿಮಿಷ, 30 ದಿನಕ್ಕೆ 43,200 ಸಾಲು. 43,200 × 30 = 12,96,000 ಬೈಟ್. ಇಷ್ಟನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ತರಬೇಕು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕಿಂತಲೂ ಕಡಿಮೆ ಮಾಹಿತಿ! ಚಿಟಿಕೆ ಹೊಡೆಯುವುದರೊಳಗೆ ಬರಬೇಕಲ್ಲ? ಬರುವುದಿಲ್ಲ.

ಮೊದಲ ಕಾರಣ: ಕೊಳವೆ ಸಪೂರ

ಆರ್ಡುಯಿನೋ ಕಲಿಸುವ ಹೆಚ್ಚಿನ ಮಾದರಿ ಪ್ರೋಗ್ರಾಂಗಳಲ್ಲಿ 9600 ಎಂಬ ಸಂಖ್ಯೆ ಇರುತ್ತದೆ. ಮಕ್ಕಳು ಅದನ್ನು ಹಾಗೆಯೇ ನಕಲು ಮಾಡುತ್ತಾರೆ. ಅದರ ಹೆಸರು ಬಾಡ್ ರೇಟ್. ಸೆಕೆಂಡಿಗೆ 9600 ಬಿಟ್ ಕಳುಹಿಸುತ್ತೇನೆ ಎಂದು ಅದರ ಅರ್ಥ. ಒಂದು ಬೈಟಿಗೆ 8 ಬಿಟ್. ಅದರ ಹಿಂದೊಂದು ಮುಂದೊಂದು, "ಶುರುವಾಯಿತು", "ಮುಗಿಯಿತು" ಎನ್ನಲು ಇನ್ನೂ ಎರಡು ಬಿಟ್. ಅಂದರೆ ಒಂದು ಬೈಟಿಗೆ 10 ಬಿಟ್ ಖರ್ಚು. 9600 ÷ 10 = 960. ಸೆಕೆಂಡಿಗೆ 960 ಬೈಟ್ ಅಷ್ಟೇ!

12,96,000 ÷ 960 = 1,350 ಸೆಕೆಂಡ್. ಅಂದರೆ ಇಪ್ಪತ್ತೆರಡೂವರೆ ನಿಮಿಷ. ಒಂದು ಪೀರಿಯಡ್ಡಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು.

ಈಗ ಆ ಸಂಖ್ಯೆಯನ್ನು 115200 ಎಂದು ಬದಲಾಯಿಸಿ. ಉಪಕರಣದ ಪ್ರೋಗ್ರಾಂನಲ್ಲೂ ಕಂಪ್ಯೂಟರಿನ ಪ್ರೋಗ್ರಾಂನಲ್ಲೂ ಒಂದೇ ಸಂಖ್ಯೆ ಇರಬೇಕು, ಇಲ್ಲವಾದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಆಗ ಸೆಕೆಂಡಿಗೆ 11,520 ಬೈಟ್. ಅದೇ ಕೆಲಸ 112 ಸೆಕೆಂಡಿನಲ್ಲಿ, ಎರಡು ನಿಮಿಷದೊಳಗೆ ಮುಗಿಯುತ್ತದೆ. ಖರ್ಚು ಸೊನ್ನೆ!

ಇಲ್ಲಿ ಹೊಸ ಕಂಪ್ಯೂಟರ್ ತಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಹಳೆಯ ಯುಎಸ್‌ಬಿ 1.1 ಕೂಡಾ ಸೆಕೆಂಡಿಗೆ 1.2 ಕೋಟಿ ಬಿಟ್ ಸಾಗಿಸಬಲ್ಲದು. ಕಂಪ್ಯೂಟರಿನ ಕಡೆ ಹೆದ್ದಾರಿಯೇ ಉಂಟು. ನಾವು ಉಪಕರಣದ ಕಡೆಯಿಂದ ಕಾಲುದಾರಿಯಲ್ಲಿ ಕಳುಹಿಸಿದರೆ ಹೆದ್ದಾರಿ ಏನು ಮಾಡೀತು? ಮೆಮೊರಿ ಕಾರ್ಡನ್ನೇ ತೆಗೆದು ಕಾರ್ಡ್ ರೀಡರಿನಲ್ಲಿ ಹಾಕಬಹುದಲ್ಲ ಎಂದು ಕೆಲವರು ಕೇಳಬಹುದು. ಖಂಡಿತ ಹಾಕಬಹುದು, ಉಪಕರಣದ ಪೆಟ್ಟಿಗೆ ಬಿಚ್ಚಲು ಸುಲಭವಿದ್ದರೆ ಅದೇ ಒಳ್ಳೆಯದು. ಆದರೆ ಗೂಡಿನ ಮಾಡಿಗೆ ಕಟ್ಟಿ, ನೀರು ಹೋಗದಂತೆ ಮುಚ್ಚಿದ ಉಪಕರಣಕ್ಕೆ ಕೇಬಲ್ಲೇ ಗತಿ.

ಎರಡನೆಯ ಕಾರಣ: ಒಂದೊಂದೇ ಅಡಿಕೆ ಹೊರುವುದು

115200 ಮಾಡಿದ ಮೇಲೂ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ ಎನ್ನಿ. ಆಗ ಕೊಳವೆಯ ದೋಷವಲ್ಲ. ಎಲ್ಲೋ ಕಾಯುವಿಕೆ ಇದೆ.

ಕೆಲವು ಪ್ರೋಗ್ರಾಂಗಳು ಹೀಗಿರುತ್ತವೆ: ಕಂಪ್ಯೂಟರ್ "ಮುಂದಿನದ್ದು ಕೊಡು" ಎನ್ನುತ್ತದೆ, ಉಪಕರಣ ಒಂದು ಸಾಲು ಕೊಡುತ್ತದೆ. ಪುನಃ "ಕೊಡು", ಪುನಃ ಒಂದು ಸಾಲು. ತೋಟದಿಂದ ಅಂಗಳಕ್ಕೆ ಒಂದೊಂದೇ ಅಡಿಕೆ ಹೊತ್ತು ತಂದ ಹಾಗೆ! ಅಡಿಕೆ ಭಾರವಿಲ್ಲ, ನಡೆದೇ ಸುಸ್ತು.

ಕೆಲವು ಬೋರ್ಡುಗಳಲ್ಲಿ ಯುಎಸ್‌ಬಿಗೆ ಎಫ್‌ಟಿಡಿಐ ಎಂಬ ಚಿಪ್ ಇರುತ್ತದೆ. ಅದು ನಮ್ಮ ಊರಿನ ಸರ್ವಿಸ್ ಜೀಪಿನ ಹಾಗೆ, ಸ್ವಲ್ಪ ಜನ ತುಂಬಲಿ ಎಂದು ಕಾಯುತ್ತದೆ. ಜನ ತುಂಬದಿದ್ದರೆ ಹೆಚ್ಚೆಂದರೆ 16 ಮಿಲಿಸೆಕೆಂಡ್ ಕಾದು ಹೊರಡುತ್ತದೆ. 16 ಮಿಲಿಸೆಕೆಂಡ್ ಎಂದರೆ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಆದರೆ 43,200 ಸಲ ಕಾದರೆ? ಸುಮಾರು 691 ಸೆಕೆಂಡ್, ಹನ್ನೊಂದೂವರೆ ನಿಮಿಷ, ಬರೇ ಕಾಯುವುದಕ್ಕೇ! ಪರಿಹಾರ ಎರಡು. ಆ ಚಿಪ್ಪಿನ ಲೇಟೆನ್ಸಿ ಟೈಮರ್ ಎಂಬ ಸಂಖ್ಯೆಯನ್ನು 16ರಿಂದ 1ಕ್ಕೆ ಇಳಿಸಬಹುದು. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ. ಅದಕ್ಕಿಂತ ಒಳ್ಳೆಯದು, ಒಂದು ಸಲಕ್ಕೆ 100 ಸಾಲು ಕೇಳುವುದು. ಆಗ ಕಾಯುವುದು 432 ಸಲ ಮಾತ್ರ. ಹೆಚ್ಚೆಂದರೆ ಏಳು ಸೆಕೆಂಡ್.

ಇದಕ್ಕಿಂತ ದೊಡ್ಡ ಕಾಯುವಿಕೆ ಇನ್ನೊಂದು ಉಂಟು. ಕಂಪ್ಯೂಟರಿನಿಂದ ಬಂದ ಮಾತನ್ನು ಓದಲು ಆರ್ಡುಯಿನೋದಲ್ಲಿ ರೀಡ್‌ಸ್ಟ್ರಿಂಗ್ ಎಂಬ ಸುಲಭದ ಆಜ್ಞೆ ಇದೆ. "ಇನ್ನೂ ಏನಾದರೂ ಬರಬಹುದು" ಎಂದು ಅದು ಒಂದು ಪೂರ್ತಿ ಸೆಕೆಂಡ್ ಕಾಯುತ್ತದೆ. ಅದರ ಸ್ವಭಾವವೇ ಹಾಗೆ, ನಾವು ಬದಲಾಯಿಸದಿದ್ದರೆ. ಸಾಲಿಗೊಂದು ಸೆಕೆಂಡ್ ಎಂದರೆ 43,200 ಸೆಕೆಂಡ್. ಭಾಗಿಸಿ ನೋಡಿ... ಸರಿಯಾಗಿ 12 ಗಂಟೆ! ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಸಂಜೆ ಆರಕ್ಕೆ ಮುಗಿಯುತ್ತದೆ. ಸಾಲು ಮುಗಿದ ಗುರುತು ಸಿಕ್ಕಿದ ಕೂಡಲೇ ನಿಲ್ಲಿಸುವಂತೆ ಬರೆದರೆ ಈ ಕಾಯುವಿಕೆ ಮಾಯ.

ಹಾಗೆಯೇ, ಊನೋ ಬೋರ್ಡಿನ ಪೋರ್ಟನ್ನು ಕಂಪ್ಯೂಟರ್ ತೆರೆದಾಗಲೆಲ್ಲ ಬೋರ್ಡು ಒಮ್ಮೆ ರೀಸೆಟ್ ಆಗುತ್ತದೆ. ಪುನಃ ಕೆಲಸಕ್ಕೆ ಅಣಿಯಾಗಲು ಒಂದೆರಡು ಸೆಕೆಂಡ್ ಬೇಕು. ಪ್ರತಿ ಅಳತೆಗೂ ಪೋರ್ಟ್ ತೆರೆದು ಮುಚ್ಚುವ ಪ್ರೋಗ್ರಾಂ ಆದರೆ ಅಲ್ಲೂ ಸಮಯ ಹೋಯಿತು. ಒಮ್ಮೆ ತೆರೆದು ಕೆಲಸ ಮುಗಿಯುವವರೆಗೆ ಹಾಗೆಯೇ ಇಡಬೇಕು.

ಮೂರನೆಯ ಕಾರಣ: ಚಿತ್ರ ಬಿಡಿಸುವ ಸಂಭ್ರಮ

ಮೇಳದಲ್ಲಿ ನೋಡಲು ಚಂದ ಎಂದು ಪ್ರತಿ ಸಾಲು ಬಂದಾಗಲೂ ಗ್ರಾಫನ್ನು ಮೊದಲಿನಿಂದ ಬಿಡಿಸುವ ಪ್ರೋಗ್ರಾಂಗಳಿವೆ. ಹತ್ತು ಬಿಂದು ಇರುವಾಗ ತೊಂದರೆಯಿಲ್ಲ. ಹತ್ತು ಸಾವಿರ ಬಿಂದು ಆದಾಗ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಪರೀಕ್ಷೆ ಸುಲಭ. ಗ್ರಾಫ್ ಬಿಡಿಸುವ ಭಾಗವನ್ನು ತೆಗೆದು, ಬಂದದ್ದನ್ನು ನೇರ ಒಂದು ಫೈಲಿಗೆ ಬರೆಯಿಸಿ. ಆಗ ವೇಗವಾದರೆ ಕೇಬಲ್ಲೂ ಉಪಕರಣವೂ ನಿರ್ದೋಷಿಗಳು.

ಇಷ್ಟನ್ನೂ ಒಟ್ಟಿಗೆ ಹುಡುಕಬೇಕಾಗಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲು ಒಂದೇ ಪ್ರಯೋಗ ಸಾಕು. ಉಪಕರಣದಿಂದ ಸರಿಯಾಗಿ 1,000 ಸಾಲು ಕಳುಹಿಸಿ, ಗಡಿಯಾರ ನೋಡಿ. 30,000 ಬೈಟ್ ಆಯಿತಲ್ಲ, 9600ರಲ್ಲಿ ಸುಮಾರು 31 ಸೆಕೆಂಡ್ ಬೇಕು, 115200ರಲ್ಲಿ ಎರಡೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಲೆಕ್ಕದ ಉತ್ತರವನ್ನು ಮೊದಲೇ ಬೋರ್ಡಿನಲ್ಲಿ ಬರೆದಿಡಿ. ಗಡಿಯಾರ ಹೇಳಿದ್ದು ಲೆಕ್ಕಕ್ಕೆ ಹತ್ತಿರವಿದ್ದರೆ ಕೊಳವೆ ಸಪೂರ. ವೇಗ ಏರಿಸಿ, ಇಲ್ಲವೇ ಕಳುಹಿಸುವುದನ್ನು ಕಡಿಮೆ ಮಾಡಿ. ಗಡಿಯಾರ ತುಂಬಾ ಹೆಚ್ಚು ತೋರಿಸಿದರೆ ಎಲ್ಲೋ ಯಾರೋ ಕಾಯುತ್ತಿದ್ದಾರೆ. ಒಂದೊಂದೇ ಭಾಗ ತೆಗೆದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ! ಎರಡು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ದೇವರಿಗೇ ಗೊತ್ತು. ಪ್ರತಿ ಸಲವೂ 1,000 ಸಾಲು ಪೂರ್ತಿ ಬಂದಿದೆಯೇ ಎಂದು ಎಣಿಸಿ ನೋಡಿ. ಬೇಗ ಬಂದು ಅರ್ಧ ತಪ್ಪಿಹೋದರೆ ಏನು ಪ್ರಯೋಜನ?

ಕಳುಹಿಸುವುದನ್ನು ಕಡಿಮೆ ಮಾಡುವುದು ಹೇಗೆ? ನಿಮಿಷಕ್ಕೊಂದು ಅಳತೆ ಎಂದು ಗೊತ್ತಿರುವಾಗ ದಿನಾಂಕ, ಸಮಯವನ್ನು ಮೊದಲು ಒಮ್ಮೆ ಕಳುಹಿಸಿದರೆ ಸಾಕು. 27.4 ಅನ್ನು 274 ಎಂದು ಮಾಡಿ ಎರಡು ಬೈಟಿನಲ್ಲಿ, ಬೆಳಕನ್ನು ಎರಡು ಬೈಟಿನಲ್ಲಿ ಕಳುಹಿಸಬಹುದು. 30ರ ಜಾಗದಲ್ಲಿ 4 ಬೈಟ್. 115200ರಲ್ಲಿ ಇಡೀ ತಿಂಗಳ ಮಾಹಿತಿ 15 ಸೆಕೆಂಡಿನಲ್ಲಿ ಬರುತ್ತದೆ. ಆದರೆ ನಡುವೆ ಬ್ಯಾಟರಿ ಹೋಗಿ ಕೆಲವು ನಿಮಿಷ ತಪ್ಪಿದರೆ ಮುಂದಿನ ಸಮಯವೆಲ್ಲ ತಪ್ಪುತ್ತದೆ. ಹಾಗೆ ಕಳುಹಿಸಿದ್ದನ್ನು ಮಕ್ಕಳು ಕಣ್ಣಿನಿಂದ ಓದಿ ಪರೀಕ್ಷಿಸುವ ಹಾಗೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಶಾಲೆಗೆ ಓದಲು ಬರುವ 30 ಬೈಟಿನ ಸಾಲು, 115200 ವೇಗ, ಎರಡು ನಿಮಿಷ, ಇಷ್ಟು ಧಾರಾಳ ಸಾಕು.

ನಿಧಾನವಾದರೆ ಕಾಯುವುದು ಮಾತ್ರ ತೊಂದರೆಯೇ? ಅಲ್ಲ. ಅಳತೆಯೇ ಕೆಡುವುದೂ ಉಂಟು. ಆರ್ಡುಯಿನೋ ಊನೋ ಸೆಕೆಂಡಿಗೆ ಸುಮಾರು 10,000 ಸಲ ಅಳೆಯಬಲ್ಲದು. ಆದರೆ ಅಳೆದ ಕೂಡಲೇ ಒಂದೊಂದನ್ನೂ 9600 ವೇಗದಲ್ಲಿ ಬರೆದು ಕಳುಹಿಸಿದರೆ, ನಾಲ್ಕು ಅಂಕೆ, ಎರಡು ಗುರುತು ಸೇರಿ 6 ಬೈಟ್, 960 ÷ 6 = 160. ಸೆಕೆಂಡಿಗೆ 160 ಅಳತೆ ಮಾತ್ರ. ಸೆಕೆಂಡಿಗೆ 50 ಸಲ ಏರಿಳಿಯುವ ಅಲೆಯನ್ನು ಹೀಗೆ ಅಳೆದರೆ ಒಂದು ಅಲೆಗೆ ಮೂರೇ ಬಿಂದು. ಅಲೆ ಅಲೆಯ ಹಾಗೆ ಕಾಣುವುದೇ ಇಲ್ಲ. ಮಗು ತನ್ನ ಸೆನ್ಸರ್ ಹಾಳಾಗಿದೆ ಎಂದುಕೊಳ್ಳುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉತ್ತರ ಸಿದ್ಧವಾಗಿದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್ ಎಂಬ ಸಂಸ್ಥೆ 2004ರಲ್ಲಿ ಫೀನಿಕ್ಸ್ ಎಂಬ ಯೋಜನೆ ಶುರು ಮಾಡಿತು. ಕಡಿಮೆ ಖರ್ಚಿನಲ್ಲಿ ಕಟ್ಟಬಹುದಾದ ಭೌತಶಾಸ್ತ್ರದ ಉಪಕರಣ ಮಾಡುವುದು ಅದರ ಉದ್ದೇಶ. ಅಜಿತ್ ಕುಮಾರ್ ಬಿ.ಪಿ. ಅವರ ಮುಂದಾಳುತನದಲ್ಲಿ ಅಲ್ಲಿಂದ ಬಂದದ್ದೇ ಎಕ್ಸ್‌ಪೈಸ್ ಎಂಬ ಪುಟ್ಟ ಪೆಟ್ಟಿಗೆ. ಅದರ ನಕ್ಷೆಯೂ ಪ್ರೋಗ್ರಾಂ ಕೂಡಾ ಎಲ್ಲರಿಗೂ ಮುಕ್ತ. ಅದು ಅಳೆಯುವುದನ್ನೂ ಕಳುಹಿಸುವುದನ್ನೂ ಬೇರೆ ಬೇರೆ ಮಾಡುತ್ತದೆ. ಬೇಕಾದ ವೇಗದಲ್ಲಿ ಅಳೆದು ತನ್ನದೇ ಮೆಮೊರಿಯಲ್ಲಿ ತುಂಬಿಸಿಕೊಳ್ಳುತ್ತದೆ. ನಂತರ ಒಟ್ಟಿಗೆ ಕಂಪ್ಯೂಟರಿಗೆ ಕೊಡುತ್ತದೆ. ಕೇಬಲ್ ನಿಧಾನವಾದರೂ ಅಳತೆ ಕೆಡುವುದಿಲ್ಲ.

ಕಾಸರಗೋಡಿನವರಿಗೆ ಇದನ್ನು ವಿವರಿಸುವುದೇ ಬೇಡ. ಸುರಂಗದ ನೀರು ನೂಲಿನ ಹಾಗೆ ಸಪೂರ ಬರುತ್ತದೆ. ಅದನ್ನೇ ನೇರ ತೋಟಕ್ಕೆ ಬಿಟ್ಟರೆ ಮೊದಲ ನಾಲ್ಕು ಮರದ ಬುಡದಲ್ಲೇ ಇಂಗಿಹೋದೀತು. ಆದ್ದರಿಂದ ಹಿರಿಯರು ಕೆರೆಯಲ್ಲೋ ಟಾಂಕಿಯಲ್ಲೋ ತುಂಬಿಸಿ, ತುಂಬಿದ ಮೇಲೆ ಒಟ್ಟಿಗೆ ಬಿಡುತ್ತಾರೆ. ಇಂಗ್ಲಿಷಿನವರು ಬಫರ್ ಎನ್ನುವುದು ಈ ಟಾಂಕಿಯನ್ನೇ. ಏಳನೇ ಕ್ಲಾಸಿನ ಮಗುವಿಗೆ ಬಫರ್ ಎಂದರೆ ಮುಖ ನೋಡುತ್ತದೆ, ಸುರಂಗ, ಟಾಂಕಿ ಎಂದರೆ ಮುಂದಿನ ಪ್ರಶ್ನೆ ಅದೇ ಕೇಳುತ್ತದೆ: "ಸಾರ್, ಟಾಂಕಿ ತುಂಬಿದ ಮೇಲೂ ನೀರು ಬಂದರೆ?" ಹೌದು, ಹೊರಚೆಲ್ಲುತ್ತದೆ. ಮಾಹಿತಿಯೂ ಹಾಗೆಯೇ!

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬಂದೆ. "ಕಂಪ್ಯೂಟರ್, ರೋಬೋಟ್ ಎಲ್ಲ ಕಲಿಯಬೇಕಾದರೆ ಇಂಗ್ಲಿಷ್ ಮೀಡಿಯಮ್ಮೇ ಆಗಬೇಕು" ಎಂದು ಹೆತ್ತವರು ಹೇಳುವುದನ್ನು ನಾವು ಕೇಳುತ್ತಲೇ ಇದ್ದೇವೆ. ಜೂನ್ ತಿಂಗಳಲ್ಲಿ ಮಕ್ಕಳನ್ನು ಎಣಿಸುವ ಪ್ರತಿಯೊಬ್ಬ ಕನ್ನಡ ಅಧ್ಯಾಪಕನಿಗೂ ಆ ಮಾತಿನ ಬಿಸಿ ಗೊತ್ತು. ಕಪಾಟು ಸೇರಿದ ಪ್ರತಿಯೊಂದು ಕಿಟ್ಟೂ ಆ ಮಾತಿಗೆ ಸಾಕ್ಷಿ ಹೇಳುತ್ತದೆ. "ನೋಡಿ, ಕನ್ನಡ ಶಾಲೆಯಲ್ಲಿ ಕಿಟ್ ಇದ್ದೂ ಮಕ್ಕಳಿಗೆ ಬರುವುದಿಲ್ಲ" ಎಂದಾಗುತ್ತದೆ. ಮಕ್ಕಳಿಗೆ ಬಾರದೆ ಇದ್ದದ್ದಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಮಾತಾಡಲು ನಾವು ಅವರಿಗೆ ಮಾತು ಕೊಡಲಿಲ್ಲ, ಅಷ್ಟೇ.

ನಮ್ಮ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ, ಮರಾಟಿ ಮಾತಾಡುತ್ತಾರೆ. ಶಾಲೆಯಲ್ಲಿ ಕನ್ನಡ. ಕಂಪ್ಯೂಟರಿನ ಪರದೆಯಲ್ಲಿ ಇಂಗ್ಲಿಷ್. ಇಷ್ಟು ಭಾಷೆ ದಾಟುವ ಮಕ್ಕಳು ದಡ್ಡರಾಗಲು ಸಾಧ್ಯವೇ? ಬಾಡ್, ಪೋರ್ಟ್, ಬೈಟ್ ಮುಂತಾದ ಹೆಸರುಗಳು ಹಾಗೆಯೇ ಇರಲಿ. ಅವಕ್ಕೆ ಸಂಸ್ಕೃತದ ಉದ್ದುದ್ದ ಪದ ಹುಡುಕಬೇಕೆಂದು ನಾನು ಹೇಳುವುದಿಲ್ಲ. ಪರದೆಯ ಇಂಗ್ಲಿಷನ್ನೂ ಮಕ್ಕಳು ಕಲಿಯಲೇಬೇಕು. ಆದರೆ "ಇದು ಯಾಕೆ ಹೀಗಾಯಿತು, ಹಾಗಾದರೆ ಮುಂದೆ ಏನು ನೋಡಬೇಕು" ಎಂಬ ಯೋಚನೆ ಮಗುವಿಗೆ ತಡೆಯಿಲ್ಲದೆ ಬರುವ ಭಾಷೆಯಲ್ಲೇ ನಡೆಯಬೇಕು. ಅಪರಿಚಿತ ಭಾಷೆಯಲ್ಲಿ ಮಗು ಪ್ರೋಗ್ರಾಂ ನಕಲು ಮಾಡಬಹುದು, ಅದರ ದೋಷ ಹುಡುಕಲಾರದು. 9600 ಎಂಬ ಸಂಖ್ಯೆ ಅಷ್ಟು ಶಾಲೆಗಳಲ್ಲಿ ಹಾಗೆಯೇ ಉಳಿಯುವುದು ಇದೇ ಕಾರಣಕ್ಕೆ.

"ಸಿಲೆಬಸ್ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯ ಎಲ್ಲಿ?" ಎಂದು ಸಹೋದ್ಯೋಗಿಗಳು ಕೇಳುವುದು ನ್ಯಾಯವೇ. ಆದರೆ ಮೇಲೆ ಮಾಡಿದ್ದು ಗಣಿತದ ಪಾಠವೇ ತಾನೇ? "ಒಂದು ಟ್ಯಾಂಕಿಗೆ ಒಂದು ನಲ್ಲಿಯಿಂದ ನೀರು..." ಎಂದು ಕಾಲಾನುಕಾಲದಿಂದ ಮಾಡಿಸುವ ಲೆಕ್ಕದ ಬದಲು ಇದನ್ನು ಮಾಡಿಸಿ. ಉತ್ತರ ಸರಿಯೋ ಎಂದು ಪುಸ್ತಕದ ಹಿಂದೆ ನೋಡುವುದು ಬೇಡ, ಗಡಿಯಾರವೇ ಹೇಳುತ್ತದೆ.

ನನ್ನ ಸಲಹೆ ಇಷ್ಟು. ಕಿಟ್ ಇರುವ ಪ್ರತಿಯೊಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದು ದೋಷದ ಪುಸ್ತಕ ಇರಲಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಏನು ತೊಂದರೆ ಕಂಡಿತು, ಲೆಕ್ಕ ಎಷ್ಟು ಹೇಳಿತು, ಗಡಿಯಾರ ಎಷ್ಟು ಹೇಳಿತು, ಏನು ಬದಲಾಯಿಸಿದಾಗ ಸರಿಯಾಯಿತು ಎಂದು ಮಕ್ಕಳೇ ಕನ್ನಡದಲ್ಲಿ ಬರೆಯಲಿ. ಮುಂದಿನ ವರ್ಷದ ಮಕ್ಕಳಿಗೆ ಅದೇ ಪಾಠಪುಸ್ತಕ. ಹತ್ತಿರದ ಶಾಲೆಗಳು ಆ ಪುಟಗಳನ್ನು ಹಂಚಿಕೊಳ್ಳಲಿ. ಮೇಳದ ತೀರ್ಪುಗಾರರಲ್ಲೂ ಒಂದು ವಿನಂತಿ. ಬಣ್ಣದ ಚಾರ್ಟು, ಮಿಣಮಿಣ ದೀಪ ನೋಡಿ ಅಂಕ ಕೊಡುವ ಮೊದಲು "ಇದರಲ್ಲಿ ಏನು ಕೆಟ್ಟಿತ್ತು, ಹೇಗೆ ಸರಿ ಮಾಡಿದಿರಿ?" ಎಂದು ಒಂದು ಪ್ರಶ್ನೆ ಕೇಳಿ, ಮಗು ಕನ್ನಡದಲ್ಲಿ ಉತ್ತರಿಸಲಿ. ತಾನೇ ಮಾಡಿದ್ದೋ, ಯಾರೋ ಮಾಡಿಕೊಟ್ಟದ್ದೋ ಎಂದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಪಿ.ಟಿ.ಎ. ಸಭೆಯಲ್ಲಿ ಹೊಸ ಕಂಪ್ಯೂಟರಿನ ಮಾತು ಬಂದಾಗ ಹೆತ್ತವರು ದಯವಿಟ್ಟು ಕೇಳಿ: "1,000 ಸಾಲು ಬರಲು ಎಷ್ಟು ಸೆಕೆಂಡ್ ಆಯಿತು? ಲೆಕ್ಕದ ಪ್ರಕಾರ ಎಷ್ಟು ಆಗಬೇಕಿತ್ತು?" ಉತ್ತರ ಇದ್ದರೆ, ಅದು ನಿಜವಾಗಿಯೂ ಕಂಪ್ಯೂಟರಿನ ದೋಷವೇ ಆಗಿದ್ದರೆ, ಹಣ ಒಟ್ಟು ಮಾಡಲು ನಾನೂ ನಿಮ್ಮೊಟ್ಟಿಗೆ ಬರುತ್ತೇನೆ. ಉತ್ತರ ಇಲ್ಲವಾದರೆ ಮೊದಲು ಮಕ್ಕಳ ಕೈಗೆ ಗಡಿಯಾರ ಕೊಡಿ.

ನಿಮ್ಮ ಶಾಲೆಯಲ್ಲಿ ಇಂಥ ತೊಂದರೆ ಬಂದಿದ್ದರೆ, ಮಕ್ಕಳು ಬೇರೆ ಯಾವುದಾದರೂ ಕಾರಣ ಕಂಡುಹಿಡಿದಿದ್ದರೆ ಬರೆದು ತಿಳಿಸಿ. ಲೆಕ್ಕ ಸಮೇತ ಬರೆದರೆ ಇನ್ನೂ ಸಂತೋಷ. ಏನಂತೀರಿ?